ಐಸ್ ಕಟ್ಟದ ಫೋಟೊ

ಪಟ್ಟಿಯಲ್ಲಿ ನಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ನಂಬಲರ್ಹವಲ್ಲ’ ಎಂದು ಬರೆದಿದ್ದರು. ಸೋತಿದ್ದರೆ ನಾನು ತೆಪ್ಪಗಿರುತ್ತಿದ್ದೆ. ಸೋಲು ನನಗೆ ಹಳೆಯ ಪರಿಚಯ, ಬಂದರೆ ಕೂರಿಸಿ ನೀರು ಕೊಟ್ಟು ಕಳಿಸಿಬಿಡುತ್ತೇನೆ. ಆದರೆ ಸುಳ್ಳುಬುರುಕಿ ಅನ್ನಿಸಿಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ.

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ರಿಪೇರಿ ಹೊಟ್ಟೆಪಾಡಿಗೆ, ಓವರ್‌ಕ್ಲಾಕಿಂಗ್ ಹುಚ್ಚಿಗೆ. ಪ್ರೊಸೆಸರ್ ತಯಾರಿಸಿದವರು ಇಷ್ಟೇ ವೇಗ ಎಂದು ಹೇಳಿ ಕಳಿಸಿರುತ್ತಾರೆ. ಅದಕ್ಕಿಂತ ಜಾಸ್ತಿ ಓಡಿಸಬೇಕು ಎನ್ನುವುದೇ ಈ ಆಟ. ಓಡಿದಷ್ಟೂ ಅದು ಕಾಯುತ್ತದೆ. ಫ್ಯಾನಿನ ಗಾಳಿ ಸ್ವಲ್ಪ ದೂರ ಜೊತೆಗೆ ಬರುತ್ತದೆ, ನೀರು ಇನ್ನಷ್ಟು ದೂರ. ಅದರಾಚೆ ಹೋಗಬೇಕೆಂದರೆ ದ್ರವ ಸಾರಜನಕವೇ ಬೇಕು. ಅದು ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ ಕುದಿಯುವ ಪದಾರ್ಥ. ಪ್ರೊಸೆಸರಿನ ನೆತ್ತಿಯ ಮೇಲೆ ತಾಮ್ರದ ಪಾತ್ರೆ ಕೂರಿಸಿ, ಅದರೊಳಗೆ ಸಾರಜನಕ ಸುರಿಯುತ್ತಾ ವೇಗ ಏರಿಸುತ್ತಾ ಹೋಗಬೇಕು. ಕೇಳಲು ಸುಲಭ, ಮಾಡಲು ಅಲ್ಲ.

ಆ ಬೇಸಿಗೆಯಲ್ಲಿ ಆನ್‌ಲೈನಿನಲ್ಲೇ ನಡೆದ ಸ್ಪರ್ಧೆಯೊಂದಕ್ಕೆ ನಾವಿಬ್ಬರು ಸೇರಿದ್ದೆವು. ನಾನು ಕೀಲಿಮಣೆಯ ಕಡೆ, ತೆಕ್ಕಲಕೋಟೆಯ ಲೇತ್ ಅಣ್ಣ ಪಾತ್ರೆಯ ಕಡೆ. ಅವನು ಟ್ರ್ಯಾಕ್ಟರಿನ ಬಿಡಿಭಾಗ ಕಡೆಯುವ ಲೇತಿನಲ್ಲೇ ನನಗೆ ತಾಮ್ರದ ಪಾತ್ರೆ ಕಡೆದುಕೊಟ್ಟವನು. ಜಾಗ, ಸಿರುಗುಪ್ಪದಲ್ಲಿರುವ ನನ್ನ ಸೋದರಮಾವನ ಅಕ್ಕಿಗಿರಣಿಯ ಆಫೀಸು ಕೋಣೆ. ಅಲ್ಲಿ ದೊಡ್ಡ ಜನರೇಟರ್ ಇದೆ, ಕರೆಂಟ್ ಹೋದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಮೊದಲ ಸಲವೇ ಏಳು ಗಿಗಾಹರ್ಟ್ಸ್ ಮುಟ್ಟಿದೆವು. ಅಂಕ, ಫೋಟೊ, ತಾಪಮಾನದ ದಾಖಲೆ ಎಲ್ಲ ಕಳಿಸಿದೆವು. ಮೂರನೇ ಸ್ಥಾನ ಬಂತು. ವಾರವೂ ನಿಲ್ಲಲಿಲ್ಲ, ಅಡ್ಡಗೆರೆ ಬಿತ್ತು.

ತೀರ್ಪುಗಾರರ ತಕರಾರು ಎರಡು. ಒಂದು, ಕೋಣೆಯ ತಾಪಮಾನ ನಲವತ್ತಮೂರು ಎಂದು ಬರೆದಿದ್ದೀರಿ, ಅಂಥ ಕೋಣೆಯಲ್ಲಿ ಯಾರಾದರೂ ಇದನ್ನು ಮಾಡುತ್ತಾರೆಯೇ? ಎರಡು, ಫೋಟೊದಲ್ಲಿ ಐಸ್ ಎಲ್ಲಿ? ಉಳಿದ ತಂಡಗಳ ಫೋಟೊಗಳಲ್ಲಿ ಪಾತ್ರೆ, ಅದರ ಸುತ್ತ ಕಟ್ಟಿದ ಫೋಮ್, ಬೋರ್ಡು ಎಲ್ಲವೂ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಂತೆ ಬೆಳ್ಳಗಾಗಿದ್ದವು. ನಮ್ಮದರಲ್ಲಿ ಎಸಿ ಪೈಪಿಗೆ ಸುತ್ತುವ ಆ ಕಪ್ಪು ಫೋಮ್ ಕಪ್ಪಗೇ ಇತ್ತು. ಪಾತ್ರೆಯ ಬಾಯಲ್ಲಷ್ಟೇ ಒಂದು ಬಿಳಿ ಅಂಚು. ‘ಸಾರಜನಕವನ್ನು ಬಳಸಿಯೇ ಇಲ್ಲ, ಅಂಕಿಗಳನ್ನು ತಿದ್ದಿದ್ದೀರಿ’ ಎನ್ನುವುದು ಅವರ ತೀರ್ಮಾನ.

ನಾನು ಬರೆದ ಉತ್ತರದ ಭಾಷೆಯನ್ನು ಇಲ್ಲಿ ಹೇಳುವುದು ಬೇಡ. ಕೊನೆಗೆ ಒಬ್ಬ ಪರೀಕ್ಷಕರನ್ನು ಕಳಿಸಲು ಒಪ್ಪಿದರು. ಅವರ ಕಣ್ಣೆದುರು ಅದೇ ಏಳು ಗಿಗಾಹರ್ಟ್ಸ್ ಮತ್ತೆ ಮುಟ್ಟಿದರೆ ಹೆಸರು ವಾಪಸ್, ಇಲ್ಲದಿದ್ದರೆ ನಾವಿಬ್ಬರೂ ಮುಂದೆ ಯಾವ ಸ್ಪರ್ಧೆಗೂ ಕಾಲಿಡುವಂತಿಲ್ಲ. ‘ಬರಲಿ’ ಎಂದೆ. ಒಮ್ಮೆ ಮಾಡಿದ ಅಡುಗೆ ಇನ್ನೊಮ್ಮೆ ಮಾಡಲು ಬಾರದೇ?

ಸಾರಜನಕ ಸಿಗುವುದು ಕುರುಗೋಡಿನಲ್ಲಿ. ಅಲ್ಲಿ ಹೈನಿನ ಫಾರ್ಮ್ ನಡೆಸುವ ಒಬ್ಬರು ಒಳ್ಳೆಯ ತಳಿಯ ಹೋರಿಗಳ ವೀರ್ಯವನ್ನು ದ್ರವ ಸಾರಜನಕದ ಕ್ಯಾನುಗಳಲ್ಲಿ ಇಟ್ಟುಕೊಂಡಿರುತ್ತಾರೆ. ಸಾರಜನಕದ ಗಾಡಿ ಬಂದಾಗ ನಮ್ಮ ಪಾಲಿಗೂ ಎರಡು ಕ್ಯಾನ್ ತುಂಬಿಸಿಡಲು ಹೇಳಿದ್ದೆ. ಮೊದಲ ಸಲದಂತೆ ಈ ಸಲವೂ ಅವರ ಪ್ರಶ್ನೆ ಅದೇ.

“ಇದನ್ನ ಹಾಕಿದ್ರ ನಿಮ್ ಕಂಪ್ಯೂಟರ್ ಗಬ್ಬ ಆಗತೈತೇನ್ರಿ ಅಕ್ಕಾರ?”

“ಆದ್ರ ಮೊದಲ್ನೇ ಕರ ನಿಮಗ ಕೊಡ್ತೀನಿ, ಕ್ಯಾನ್ ಎತ್ರಿ” ಎಂದೆ.

ಹಿಂದಿನ ದಿನ ಪಾರ್ವತಿನಗರದ ನನ್ನ ಮನೆಯಲ್ಲಿ ಬೋರ್ಡಿಗೆ ಶೃಂಗಾರ ಮಾಡಿದೆ. ಈ ಕೆಲಸದಲ್ಲಿ ಚಳಿ ಬೋರ್ಡನ್ನು ಕೊಲ್ಲುವುದಿಲ್ಲ, ನೀರು ಕೊಲ್ಲುತ್ತದೆ. ತಣ್ಣಗಿನ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೆ ಬೋರ್ಡೂ ಬೆವರುತ್ತದೆ. ಒಂದು ಹನಿ ಚಿಪ್‌ನ ಎರಡು ಲೋಹದ ಕಾಲುಗಳ ನಡುವೆ ಕೂತರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದಕ್ಕೇ ಇಡೀ ಬೋರ್ಡಿಗೆ ವ್ಯಾಸಲೀನ್ ಬಳಿಯಬೇಕು. ಪ್ರೊಸೆಸರ್ ಕೂರುವ ಜಾಗದ ಸುತ್ತ ಚಿತ್ರಕಾರರು ಬಳಸುವ ಮೆತ್ತನೆಯ ರಬ್ಬರನ್ನು ಹಿಟ್ಟಿನಂತೆ ನಾದಿ ಒತ್ತಬೇಕು. ಅದರ ಮೇಲೆ ಫೋಮ್, ಸಂದಿಗಳಲ್ಲಿ ಟಿಶ್ಯೂ ಕಾಗದ. ಮೊದಲ ಸಲ ಹೇಗೆ ಮಾಡಿದ್ದೆನೋ ಹಾಗೆಯೇ ಮಾಡಿದೆ, ಕೂದಲೆಳೆಯಷ್ಟೂ ಬದಲಿಸಲಿಲ್ಲ.

ಪರೀಕ್ಷಕರು ಹೈದರಾಬಾದ್ ಕಡೆಯವರು. ಕನ್ನಡ ಬರುತ್ತಿತ್ತು, ಮಧ್ಯೆ ಮಧ್ಯೆ ತೆಲುಗು ನುಸುಳುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಅದನ್ನು ಯಾರೂ ವಿಶೇಷವೆಂದು ಗಮನಿಸುವುದಿಲ್ಲ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಚರ್ಮದ ಚೀಲ. ತಮ್ಮದೇ ತಾಪಮಾಪಕ ತಂದಿದ್ದರು. ನಮ್ಮ ಮೀಟರನ್ನು ಮುಟ್ಟಿಯೂ ನೋಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ. ನನಗೆ ಅದು ಇಷ್ಟವೇ ಆಯಿತು.

ಮಾವನಿಗೆ ಮಾತ್ರ ಅವರು ಪರೀಕ್ಷಕರಲ್ಲ, ಮನೆಗೆ ಬಂದ ನೆಂಟರು. ಮದುವೆಗೆ ಶಾಮಿಯಾನ ಹಾಕುವವರ ಹತ್ತಿರದಿಂದ ಆಳೆತ್ತರದ ಎರಡು ಕೂಲರ್ ತರಿಸಿ, ಕೋಣೆಯ ಎರಡು ಕಿಟಕಿಗಳಲ್ಲಿ ನಿಲ್ಲಿಸಿದ್ದ. ಗಿರಣಿಯ ತನ್ನ ಹಳೆಯ ಕೂಲರನ್ನು ಪರೀಕ್ಷಕರ ಕುರ್ಚಿಗೇ ತಿರುಗಿಸಿಟ್ಟಿದ್ದ. ಮೂರಕ್ಕೂ ಹೊಸ ಹುಲ್ಲಿನ ಮ್ಯಾಟು, ಟ್ಯಾಂಕಿನ ತುಂಬ ನೀರು, ನೀರಿನಲ್ಲಿ ಲಾವಂಚ. ಹೊರಗೆ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ಒಳಗೆ ಕಾಲಿಟ್ಟೊಡನೆ ಮೈ ಹಗುರವಾಗುತ್ತಿತ್ತು.

“ಬರ್ರಿ ಸರ, ಬರ್ರಿ, ಇಲ್ಲಿ ತಣ್ಣಗ ಕುಂದರ್ರಿ. ಬಳ್ಳಾರಿ ಬಿಸಲಂದ್ರ ಬಿಸಲು” ಎಂದು ಮಾವ ಅವರನ್ನು ಕೂರಿಸಿದ. ಮಜ್ಜಿಗೆ ಬಂತು. ಪರೀಕ್ಷಕರು ಕಣ್ಣುಮುಚ್ಚಿ ಗಾಳಿ ಕುಡಿದರು. ನಾನೂ ‘ಮಾವ ಒಳ್ಳೇ ಕೆಲಸ ಮಾಡಿದ’ ಎಂದುಕೊಂಡೆ. ಚಳಿಯ ಕೆಲಸಕ್ಕೆ ಕೋಣೆ ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇ?

ಮೊದಲ ಪ್ರಯತ್ನ ಶುರುವಾಯಿತು. ಲೇತ್ ಅಣ್ಣ ಸಡಿಲವಾದ ಚರ್ಮದ ಕೈಗವಸು ತೊಟ್ಟು, ಕ್ಯಾನಿನಿಂದ ಸ್ಟೀಲ್ ಫ್ಲಾಸ್ಕಿಗೆ, ಫ್ಲಾಸ್ಕಿನಿಂದ ಪಾತ್ರೆಗೆ ಸುರಿಯತೊಡಗಿದ. ಬಿಸಿ ಹೆಂಚಿನ ಮೇಲೆ ನೀರು ಚಿಮುಕಿಸಿದ ಸದ್ದು, ಬಿಳಿ ಹೊಗೆ. ತಾಪಮಾನ ಸೊನ್ನೆ ದಾಟಿ ಮೈನಸ್ ನೂರಕ್ಕೆ ಇಳಿಯಿತು. ನಾನು ಒಂದೊಂದೇ ಮೆಟ್ಟಿಲು ವೇಗ ಏರಿಸಿದೆ. ಐದು ದಾಟಿತು, ಆರು ದಾಟಿತು. ಫೋಮ್ ಬೆಳ್ಳಗಾಗುತ್ತಾ ಬಂತು. ಪರೀಕ್ಷಕರು ಮೊದಲ ಬಾರಿಗೆ ನಕ್ಕರು.

“ಆಂ, ಇದೀಗ ನೋಡಮ್ಮಾ, ಇದು ಐಸು!” ಎಂದು ಫೋಟೊ ತೆಗೆದುಕೊಂಡರು.

ಅವರು ಫೋಟೊ ತೆಗೆಯುತ್ತಿದ್ದಂತೆಯೇ ಪರದೆ ಸತ್ತಿತು.

ಬಿಚ್ಚಿ ನೋಡಿದರೆ ರಬ್ಬರಿನ ಅಡಿಯಲ್ಲಿ ನೀರು ನುಗ್ಗಿತ್ತು. ಒರೆಸಿ, ಹೇರ್ ಡ್ರೈಯರಿನಿಂದ ಒಣಗಿಸಿ, ಮತ್ತೆ ರಬ್ಬರ್ ಒತ್ತಿ, ದುಪ್ಪಟ್ಟು ಟಿಶ್ಯೂ ತುರುಕಿ ಎರಡನೇ ಸಲ ಶುರು ಮಾಡಿದೆವು. ಈ ಸಲ ಆರಕ್ಕೂ ಹೋಗಲಿಲ್ಲ. ಐಸ್ ಬೋರ್ಡಿನ ತುದಿಯವರೆಗೆ ಹಬ್ಬಿತು, ಮೆಮೊರಿ ಕಡ್ಡಿಗಳ ಬುಡದಲ್ಲಿ ನೀರು ಹೊಳೆಯಿತು, ಯಂತ್ರ ಮತ್ತೆ ಆರಿತು. ಒಂದು ಕ್ಯಾನ್ ಪೂರ್ತಿ ಖಾಲಿ. ಇನ್ನೊಂದರಲ್ಲಿ ಉಳಿದಿದ್ದು ಒಂದು ಪ್ರಯತ್ನಕ್ಕೆ ಸಾಕಾಗುವಷ್ಟು, ಅಷ್ಟೇ.

ಪರೀಕ್ಷಕರು ತಮ್ಮ ಚರ್ಮದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಹೋದ ಸಲ ನೀವು ಮಾಡಲೇ ಇಲ್ಲ ಎನ್ನುವುದು ಅವರ ಮುಖದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನು ಮುಂದೆ ಬಿಟ್ಟುಕೊಂಡೆ. ಅದು ಕೆಲಸ ಮಾಡುತ್ತದೆ, ಅಳು ಮಾಡುವುದಿಲ್ಲ.

ಬೋರ್ಡನ್ನು ಎತ್ತಿಕೊಂಡು ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಕಣಕ್ಕೆ ಹೋದೆ. ಲೇತ್ ಅಣ್ಣ ಹಿಂದೆಯೇ ಬಂದ. ಬಿಸಿಲಿಗೆ ಕಾದ ನೆಲದ ಮೇಲೆ ಬಟ್ಟೆ ಹಾಸಿ, ಬೋರ್ಡು ಇಟ್ಟು, ಒಳಗಿನ ಟಿಶ್ಯೂಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಹಾಕಿದೆ. ಹಿಂಡಿದರೆ ನೀರು ಬರುವಷ್ಟು ಒದ್ದೆ. ರಬ್ಬರ್ ಕೀಳುತ್ತಾ ಕೂತೆ. ತಿರುಗಿ ನೋಡಿದರೆ ಟಿಶ್ಯೂಗಳು ಒಣಗಿ ಗರಿಗರಿಯಾಗಿ ಕಣದ ತುಂಬ ಹಾರಾಡುತ್ತಿವೆ.

“ಅಣ್ಣಾ, ಇವನ್ನ ನೀ ಬದಲಿ ಮಾಡಿದೇನು?”

“ನಾ ಯಾಕ ಮಾಡ್ಲಿ ತಂಗಿ? ಅವ ಹಳೀವ ಅದಾವು. ಈ ಬಿಸಲಿಗಿ ಹಸಿ ಗೋಣಿಚೀಲ ಹಾಕಿದ್ರೂ ಹಪ್ಪಳ ಆಗತೈತಿ.”

ಆಗ ನನ್ನ ಅಂಗಿಯ ಕಡೆ ಗಮನ ಹೋಯಿತು. ಒಳಗೆ ಅದು ಬೆನ್ನಿಗೆ ಅಂಟಿಕೊಂಡಿತ್ತು. ಹೊರಗೆ, ಆ ರಣಬಿಸಿಲಿನಲ್ಲಿ, ಮೈಮೇಲೆ ಬೆವರೇ ನಿಲ್ಲುತ್ತಿರಲಿಲ್ಲ. ಬಂದ ಹಾಗೇ ಆರಿಹೋಗುತ್ತಿತ್ತು. ಹೊರಗಿನ ಗಾಳಿ ಬಿಸಿ, ಆದರೆ ಪೂರ್ತಿ ಒಣ. ಒಳಗಿನ ಗಾಳಿ ತಂಪು, ಆದರೆ ನೀರು ಕುಡಿದದ್ದು. ಕೂಲರ್ ಎಂದರೆ ಅಷ್ಟೇ ತಾನೆ, ಹುಲ್ಲಿನ ಮೇಲೆ ನೀರು ಬಿಟ್ಟು ಅದರ ಮೂಲಕ ಗಾಳಿ ಎಳೆಯುವುದು. ಮೂರು ಟ್ಯಾಂಕು ನೀರನ್ನು ನಾವೇ ಗಾಳಿಗೆ ಬೆರೆಸಿ ಬೋರ್ಡಿನ ಮುಖಕ್ಕೆ ಊದುತ್ತಿದ್ದೆವು.

“ಅಣ್ಣಾ, ಹೋದ ಸಲ ಮಾವನ ಕೂಲರ್ ಹಚ್ಚಿದ್ವೇನು?”

ಅವನು ತಲೆ ಕೆರೆದುಕೊಂಡ. “ಅವತ್ತ ಕರೆಂಟ್ ಎಲ್ಲಿತ್ತವಾ? ಜನರೇಟರ್ ಮ್ಯಾಲೆ ನಮ್ ಮಷಿನ್ ಒಂದ ನಡೀತು. ಅದಕ್ಕ ಫ್ಯಾನಿನ ಲೈನ್ ಹಚ್ಚಿಲ್ಲ, ಫ್ಯಾನೂ ಇರ್ಲಿಲ್ಲ. ಇಬ್ರೂ ಬೆಂದು ಬದನೀಕಾಯಿ ಆಗಿದ್ವಿ.”

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಥಂಡಿ ಎಂಬ ಒಂದೇ ಮಾತಿದೆ. ಚಳಿಗೂ ಥಂಡಿ, ಗೋಡೆಗೆ ತೇವ ಹಿಡಿದರೂ ಥಂಡಿ. ಮೈ ನಡುಗಿಸುವುದೂ ಅದೇ, ಗೋಡೆಯ ಸುಣ್ಣ ಉದುರಿಸುವುದೂ ಅದೇ. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕರೆಯಬೇಕಿತ್ತು. ನಾವು ಇಬ್ಬರನ್ನೂ ಕೂರಿಸಿ ಮಜ್ಜಿಗೆ ಕೊಟ್ಟಿದ್ದೆವು. ಹೋದ ಸಲ ಗಾಳಿಯಲ್ಲಿ ನೀರೇ ಕಡಿಮೆ ಇತ್ತು, ಐಸ್ ಎಲ್ಲಿಂದ ಕಟ್ಟಬೇಕು? ಮೇಲಾಗಿ ಗಾಳಿ ಬೀಸುವುದೂ ಇರಲಿಲ್ಲ. ಪಾತ್ರೆಯಿಂದ ಇಳಿಯುವ ಒಣ ಸಾರಜನಕದ ಹೊಗೆಯೇ ಬೋರ್ಡಿನ ಮೇಲೆ ಹೊದಿಕೆಯಂತೆ ಕೂತು ಅದನ್ನು ಕಾಯುತ್ತಿತ್ತು. ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದ ಆ ಫೋಟೊ, ನಾವು ಸರಿಯಾಗಿ ಕೆಲಸ ಮಾಡಿದ್ದಕ್ಕೆ ಇದ್ದ ಸಾಕ್ಷಿ.

ಬೋರ್ಡು ಒಣಗಿದ ಮೇಲೆ ಹೊಸದಾಗಿ ವ್ಯಾಸಲೀನ್ ಬಳಿದು, ರಬ್ಬರ್ ಒತ್ತಿ ಒಳಗೆ ತಂದೆ.

“ಮಾವ, ಮೂರೂ ಕೂಲರ್ ಬಂದ್ ಮಾಡ್ರಿ. ಫ್ಯಾನೂ ಬ್ಯಾಡ.”

ಮಾವ ನನ್ನನ್ನು ಬಿಸಿಲು ತಲೆಗೇರಿದವಳಂತೆ ನೋಡಿದ. “ಏನ್ ಮಾತಾಡ್ತಿ ಯವ್ವಾ? ಹೊರಗ ಬೆಂಕಿ ಸುರೀತೈತಿ. ಮನಿಗಿ ಬಂದ ಮನುಷ್ಯಾರನ್ನ ಬೇಯಿಸಿ ಕಳಸಬೇಕಂತೀಯೇನು?”

“ಹೂಂ ಮಾವ. ಇವತ್ತೊಂದಿನ ಬೇಯಿಸೂಣು.”

“ನಾಳಿ ಹೈದರಾಬಾದಿಗಿ ಹೋಗಿ ಏನಂತಾರ ಅವ್ರು? ಸಿರುಗುಪ್ಪದಾಗ ಒಂದ ಕೂಲರ್ ಹಚ್ಚಾಕ ಗತಿ ಇಲ್ಲಂತಾರ!”

“ಈಗ ಹೋದ್ರ ಏನಂತಾರ? ಸಿರುಗುಪ್ಪದಾಗ ಸುಳ್ಳ ಹೇಳೋರು ಅದಾರಂತಾರ. ಎರಡರಾಗ ಯಾವುದು ಬೇಕು, ನೀವ ಹೇಳ್ರಿ.”

ಮಾವ ಸ್ವಿಚ್ಚಿನ ಕಡೆ ಹೊರಟ. ಆದರೆ ಪರೀಕ್ಷಕರಿಗೆ ಅನುಮಾನ ಹತ್ತಿತು. ಸೋಲುವವರು ಕೊನೆಗೆ ಏನಾದರೂ ನೆಪ ಹುಡುಕುತ್ತಾರೆ ಎನ್ನುವುದು ಅವರ ಲೆಕ್ಕವಿರಬೇಕು.

“ರೂಮ್ ಬಿಸಿ ಆದ್ರೆ ನಷ್ಟ ನಿಮಗೇ ಕದಮ್ಮಾ?” ಎಂದರು.

“ಸರ್, ಪಾತ್ರಿ ಒಳಗ ಮೈನಸ್ ನೂರಾ ಎಂಬತ್ತು. ಅದಕ್ಕ ಕೋಣಿ ಹತ್ತು ಡಿಗ್ರಿ ತಂಪು ಮಾಡೋದು ಅಂದ್ರ ಹೊಳಿಯಾಗ ಹುಣಸಿಹಣ್ಣು ಕಿವುಚಿದಂಗ. ಬಿಸಿ ನಮಗೇನೂ ಮಾಡಂಗಿಲ್ಲ. ನೀರು ಮಾಡತೈತಿ. ನಿಮಗ ತ್ರಾಸ ಆಗತೈತಿ, ಅದಕ್ಕ ಈಗ ಕ್ಷಮಾ ಕೇಳ್ತೀನಿ. ಹೊರಗ ಬೇವಿನ ಗಿಡದ ನೆಳ್ಳಾಗ ಕುಂದರ್ತೀರೇನು?”

“ಹೊರಗೆ ಕೂತ್ರೆ ನೋಡೋದು ಹೇಗೆ?” ಎಂದು ಅವರು ತೋಳು ಮಡಚಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೇ ಎಳೆದುಕೊಂಡರು.

ಮಾವ ಗೊಣಗುತ್ತಲೇ ಮೂರೂ ಕೂಲರ್ ಆರಿಸಿ ಹೊರಗೆ ಸಾಗಿಸಿದ. ನೆಲ ಒರೆಸಿದೆವು. ಕಿಟಕಿ ಬಾಗಿಲು ತೆರೆದೇ ಇಟ್ಟೆವು, ಸಾರಜನಕ ಕೋಣೆಯ ಒಳ್ಳೆಯ ಗಾಳಿಯನ್ನು ತಳ್ಳಿಹಾಕಿದರೆ ಉಸಿರೇ ಕಷ್ಟ. ಬೋರ್ಡಿನ ಮೂರು ಕಡೆ ರಟ್ಟು ನಿಲ್ಲಿಸಿ ಬಿಸಿಗಾಳಿಯ ಬೀಸು ತಾಗದಂತೆ ಮಾಡಿದೆ. ಆಮೇಲೆ ಯಾರೂ ಕೆಲಸಕ್ಕೆ ಕೈಹಾಕದೆ ಕಾದು ಕೂತೆವು, ಕೋಣೆ ಒಣಗಬೇಕಿತ್ತು. ಪರೀಕ್ಷಕರ ತಾಪಮಾಪಕ ಮೂವತ್ತರಿಂದ ಏರುತ್ತಾ ನಲವತ್ತಕ್ಕೆ ಬಂತು, ಅದನ್ನೂ ದಾಟಿತು. ಅವರ ಇಸ್ತ್ರಿ ಅಂಗಿ ಮುದ್ದೆಯಾಯಿತು. ಮಾವ ಅವರ ಮುಖ ನೋಡಲಾರದೆ ಬಾಗಿಲ ಹೊರಗೆ ಹೋಗಿ ನಿಂತ.

“ಸುರಿ ಅಣ್ಣಾ” ಎಂದೆ.

ಲೇತಿನ ಮುಂದೆ ನಿಂತು ಕೂದಲೆಳೆಯಷ್ಟು ತಾಮ್ರ ತೆಗೆದು ಅಭ್ಯಾಸವಾದ ಕೈ ಅದು. ಸುರಿಯುವ ಎಳೆ ತುಂಡಾಗಲಿಲ್ಲ. ಮೈನಸ್ ಐವತ್ತು, ನೂರು, ನೂರಾ ಐವತ್ತು. ಫೋಮಿನ ಮೇಲೆ ನಾಲ್ವರ ಕಣ್ಣು ನೆಟ್ಟಿತ್ತು. ಬಾಗಿಲಿನಿಂದ ಇಣುಕುತ್ತಿದ್ದ ಮಾವನದೂ ಸೇರಿ. ಅದು ಕಪ್ಪಗೇ ಇತ್ತು. ಹೊಗೆ ಮೆಲ್ಲಗೆ ಇಳಿದು ಬೋರ್ಡಿನ ಮೇಲೆ ಮಲಗಿತು. ಐದು ದಾಟಿದೆವು, ಆರು ದಾಟಿದೆವು. ಆರೂವರೆಯ ಹತ್ತಿರ ಪರದೆ ಒಮ್ಮೆ ತಡವರಿಸಿತು. ಆದರೆ ಅದು ನೀರಿನ ಕಾಟವಲ್ಲ, ನಮ್ಮ ಪ್ರೊಸೆಸರಿನ ಹಳೆಯ ಚಾಳಿ. ಮೈನಸ್ ನೂರಾ ಎಂಬತ್ತೈದಕ್ಕಿಂತ ಕೆಳಗಿಳಿದರೆ ಅದಕ್ಕೆ ಮಾತು ನಿಲ್ಲುತ್ತದೆ.

“ಜಾಸ್ತಿ ಆತು ಅಣ್ಣಾ, ತಡಿ.”

ಅವನು ಫ್ಲಾಸ್ಕ್ ಎತ್ತಿದ. ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಪಾತ್ರೆಯ ಬಾಯಿಗೆ ಒಮ್ಮೆ ತೋರಿಸಿ ತೆಗೆದೆ. ನಾಲ್ಕು ಡಿಗ್ರಿ ಮೇಲೆ ಬಂತು. ಪರದೆ ಸುಧಾರಿಸಿಕೊಂಡಿತು. ಅಲ್ಲಿಂದ ಅವನು ತೊಟ್ಟು ತೊಟ್ಟಾಗಿ ಸುರಿದ, ನಾನು ಎಳೆ ಎಳೆಯಾಗಿ ಏರಿಸಿದೆ. ಏಳು. ಪರೀಕ್ಷೆಯ ಪ್ರೋಗ್ರಾಂ ಓಡಿಸಿದೆ. ಅದು ಮುಗಿಯುವವರೆಗೆ ಕೋಣೆಯಲ್ಲಿ ಸಾರಜನಕ ಬಿಟ್ಟರೆ ಬೇರೆ ಯಾರೂ ಉಸಿರಾಡಿದಂತೆ ಕಾಣಲಿಲ್ಲ. ಅಂಕ ಬಿತ್ತು. ಹೋದ ಸಲಕ್ಕಿಂತ ಒಂದು ಕೂದಲು ಹೆಚ್ಚೇ.

ಲೇತ್ ಅಣ್ಣ ಕೈಗವಸು ಕಳಚಿ ನೆಲದ ಮೇಲೆ ಕೂತುಬಿಟ್ಟ. ಪರೀಕ್ಷಕರು ಚಪ್ಪಾಳೆ ತಟ್ಟಲಿಲ್ಲ, ಶಹಬ್ಬಾಸ್ ಅನ್ನಲಿಲ್ಲ. ಪಾತ್ರೆಯ ಹತ್ತಿರ ಬಗ್ಗಿ, ಕಪ್ಪು ಫೋಮನ್ನು ಬೆರಳಿನಿಂದ ಮುಟ್ಟಿ, ಬೆರಳನ್ನೇ ನೋಡಿಕೊಂಡರು. ಮತ್ತೆ ಮುಟ್ಟಿದರು. ಆಮೇಲೆ ಎಲ್ಲ ಕಡೆಯಿಂದ ಫೋಟೊ ತೆಗೆದು, ತಮ್ಮ ತಾಪಮಾಪಕದ ಅಂಕಿ ಬರೆದು, ಅಲ್ಲೇ ಕೂತು ಎಲ್ಲವನ್ನೂ ಕಳಿಸಿದರು. ಬೆವರು ಅವರ ಗಲ್ಲದಿಂದ ಫೋನಿನ ಮೇಲೆ ಬೀಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಆ ಫೋನ್ ಬಡಿದುಕೊಂಡಿತು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ, ಪರೀಕ್ಷಕರ ಉತ್ತರಗಳೇ ಸಾಕಿತ್ತು. ಇಲ್ಲ ಸಾರ್, ನಲವತ್ತಮೂರು ಅಂದ್ರೆ ನಲವತ್ತಮೂರೇ, ಬರೆಯೋದ್ರಲ್ಲಿ ತಪ್ಪಾಗಿಲ್ಲ. ಹೌದು ಸಾರ್, ಐಸ್ ಕಟ್ಟಿಲ್ಲ. ಯಾಕೆ ಅಂದ್ರೆ ಇಲ್ಲಿ ಗಾಳಿ ಒಣ ಇದೆ ಸಾರ್. ಅಲ್ಲ, ಅವರು ನನಗೆ ಏನೂ ಹೇಳಿಕೊಟ್ಟಿಲ್ಲ. ಒಂದೊಂದು ಉತ್ತರಕ್ಕೂ ಅವರ ದನಿ ಏರುತ್ತಿತ್ತು, ಮುಖ ಕೆಂಪಾಗುತ್ತಿತ್ತು. ಆ ತಿಂಗಳೆಲ್ಲ ನಾನು ಕನ್ನಡಿಯಲ್ಲಿ ನೋಡಿಕೊಂಡಿದ್ದ ಮುಖ ಅದು. ನಿಜ ಹೇಳಿ ನಂಬಿಸಲಾಗದವರ ಮುಖ. ನನಗೆ ಅವರ ಮೇಲೆ ಒಮ್ಮೆಲೇ ಅಕ್ಕರೆ ಉಕ್ಕಿತು.

ಕೊನೆಗೆ ಅವರು ಎದ್ದೇ ನಿಂತರು. ಸಿಟ್ಟು ನೆತ್ತಿಗೇರಿದಾಗ ಮನುಷ್ಯನಿಗೆ ಮನೆಮಾತೇ ಬಾಯಿಗೆ ಬರುವುದು.

“ನೇನು ಇಕ್ಕಡೇ ಉನ್ನಾನು ಸಾರ್! ನಾ ಕಳ್ಳತೋ ಚೂಶಾನು!” ಎಂದು ಕೂಗಿದರು. ಆಮೇಲೆ, ನಮಗೂ ತಿಳಿಯಲೆಂದೋ ಏನೋ, ಕನ್ನಡಕ್ಕೆ ಹೊರಳಿದರು. “ನಾನು ಇಲ್ಲೇ ಇದ್ದೀನಿ ಸಾರ್, ಇವತ್ತೇ ಇವರ ಹೆಸರಿನ ಮೇಲಿನ ಗೆರೆ ತೆಗೀರಿ. ತೆಗೆಯಲ್ಲ ಅಂದ್ರೆ ನನ್ನ ಹೆಸರಿನ ಮೇಲೂ ಒಂದು ಗೆರೆ ಎಳೀರಿ!”

ಅವರು ಫೋನ್ ಕಿವಿಗೆ ಒತ್ತಿಕೊಂಡು ಕೇಳಿದರು, ತಲೆಯಾಡಿಸಿದರು. “ಸರೇ ಸಾರ್” ಎಂದು ಫೋನಿಟ್ಟು, ನನ್ನ ಕಡೆ ತಿರುಗಿ, “ತೆಗೀತಾರಮ್ಮಾ” ಎಂದರು.

ಅಷ್ಟರಲ್ಲಿ ಮಾವ ಬಾಗಿಲಿನಿಂದ ದಡದಡ ಒಳಗೆ ಬಂದ. ತೆಲುಗು ಬಾರದವನಲ್ಲ. ಗಿರಣಿಯಲ್ಲಿ ಅರ್ಧ ವ್ಯವಹಾರ ಆ ಭಾಷೆಯಲ್ಲೇ ನಡೆಸುತ್ತಾನೆ. ಆದರೆ ಆ ಹೊತ್ತು ಅವನ ಕಿವಿಗೆ ಬಿದ್ದದ್ದು ಒಂದೇ ಮಾತು. ತಿಂಗಳಿಂದ ಊರೆಲ್ಲ ತನ್ನ ಸೋದರಸೊಸೆಯನ್ನು ಹಾಗೆ ಅಂದೀತು ಎಂದು ಹೆದರಿಕೊಂಡಿದ್ದ ಮಾತು.

“ಏನಂದ್ರವ್ವಾ ಅವ್ರು? ಕಳ್ಳ ಅಂದ್ರೇನು ನಮಗ?”

ನಾನು ಮಾವನ ಕೈ ಹಿಡಿದುಕೊಂಡೆ.

“ಇಲ್ಲ ಮಾವ. ಅದು ತೆಲುಗು, ಕಣ್ಣು ಅಂದ್ರು. ನನ್ನ ಕಣ್ಣಾರ ನೋಡೀನಿ ಅಂದ್ರು.”